ಇಪ್ಪತ್ತೊಂದು ಪಾಯಿಂಟ್ ಆರು

ಕೊಳ್ಳೇಗಾಲದ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಮರದ ಬೀರು ಇತ್ತು. ಅದರ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿದ್ದರು. ಎಡಕ್ಕೆ ಆ ಸೆಮಿಸ್ಟರಿನ ಪ್ರಯೋಗಗಳ ಹೆಸರು, ಬಲಕ್ಕೆ ಬರಬೇಕಾದ ಉತ್ತರದ ಒಂದೊಂದು ಅಂಕಿ. ಮೂರನೆಯ ಸಾಲಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ ತಟಸ್ಥಗೊಳಿಸುವ ಪ್ರಯೋಗ, ಎದುರಿಗೆ 20.0 ಎಂದಿತ್ತು. ಹಾಳೆ ಯಾವ ವರ್ಷದ್ದು, ಬರೆದವರು ಯಾರು ಎಂಬುದು ಯಾರಿಗೂ ತಿಳಿದಿರಲಿಲ್ಲ. ಅಂಚುಗಳು ಆಮ್ಲದ ಹೊಗೆಗೆ ಕಂದಾಗಿ, ಮುಟ್ಟಿದರೆ ಉದುರುವಂತಿದ್ದವು. ಅಂಕಿಗಳು ಮಾತ್ರ ಮಾಸಿರಲಿಲ್ಲ. ಮಾಸತೊಡಗಿದಾಗಲೆಲ್ಲ ಯಾರೋ ಒಬ್ಬರು ಪೆನ್ನಿನಿಂದ ತಿದ್ದಿ ಗಾಢಗೊಳಿಸುತ್ತಿದ್ದರು.

ನಮ್ಮಲ್ಲಿ ಪ್ರಯೋಗ ನಡೆಯುತ್ತಿದ್ದ ಕ್ರಮ ಹೀಗಿತ್ತು. ಹಿಂದಿನ ಸಂಜೆಯೇ ಹಾಸ್ಟೆಲಿನಲ್ಲಿ ಕುಳಿತು, ಹಾಳೆಯ ಅಂಕಿಯನ್ನು ರೆಕಾರ್ಡ್ ಪುಸ್ತಕದಲ್ಲಿ ಮೂರು ಸಲ ಬರೆಯುವುದು: 20.0, 20.0, 20.0. ಮರುದಿನ ಲ್ಯಾಬಿನಲ್ಲಿ ಅದಕ್ಕೆ ಸಹಿ ಹಾಕಿಸಿಕೊಳ್ಳುವುದು. ಹನಿ ಅಳೆದು ಬಿಡುವ ಗಾಜಿನ ಕೊಳವೆ ಬ್ಯೂರೆಟ್ಟು; ನಲವತ್ತು ವಿದ್ಯಾರ್ಥಿಗಳಿಗೆ ಸೋರದವು ಆರು. ಸಮಯ ಉಳಿದರೆ ಅವುಗಳ ಮುಂದೆ ಐದು ನಿಮಿಷ ನಿಂತು, ಬಣ್ಣ ಬದಲಾಗುವುದನ್ನು ನೋಡಿ ಬರುವುದು. ನಾನೂ ಹಾಗೆಯೇ ಮಾಡಿದೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಬೇರೆಯವರಿಂದ ಉತ್ತರ ಕೇಳುವವಳಿದ್ದೇನೆ.

ಹನೂರಿನಿಂದ ಮುಂದೆ, ಕಾಡಿನ ಅಂಚಿನ ಊರು ನಮ್ಮದು. ಮನೆಯಲ್ಲಿ ಅರಿಸಿನ ಬೆಳೆಯುತ್ತಿದ್ದರು. ಅಮ್ಮನ ಸೀರೆಯ ಮೇಲಿನ ಅರಿಸಿನದ ಕಲೆ ಸಾಬೂನು ತಾಗಿದೊಡನೆ ಕೆಂಪಾಗುವುದನ್ನು ನಾನು ಅಕ್ಷರ ಕಲಿಯುವ ಮೊದಲೇ ನೋಡಿದ್ದೆ. ಅದಕ್ಕೊಂದು ಕಾರಣವಿದೆ, ಆ ಕಾರಣವನ್ನು ಅಂಕಿಯಲ್ಲಿ ಬರೆಯಬಹುದು ಎಂದು ತಿಳಿದದ್ದು ಪಿಯುಸಿಯಲ್ಲಿ. ಅಲ್ಲಿಂದ ಮುಂದೆ ತಟಸ್ಥೀಕರಣದ ಲೆಕ್ಕಗಳು ನನಗೆ ಹುಚ್ಚು ಹಿಡಿಸಿದವು. ಬಸ್ಸಿನ ಟಿಕೆಟ್ಟಿನ ಹಿಂದೆ, ಹಾಸ್ಟೆಲಿನ ಊಟದ ಸಾಲಿನಲ್ಲಿ, ಅಂಗೈ ಮೇಲೆ, ಎಲ್ಲೆಂದರಲ್ಲಿ ಮಾಡುತ್ತಿದ್ದೆ. ಇಷ್ಟು ಕ್ಷಾರಕ್ಕೆ ಎಷ್ಟು ಆಮ್ಲ ಬೇಕು? ಗಂಧಕಾಮ್ಲವಾದರೆ ಒಂದು ಅಣು ಎರಡು ಪಾಲು ಕ್ಷಾರವನ್ನು ಮುಗಿಸುತ್ತದೆ. ಆ ಎರಡನ್ನು ಮರೆತರೆ ಉತ್ತರ ಅರ್ಧಕ್ಕೆ ನಿಲ್ಲುತ್ತದೆ ಅಥವಾ ದುಪ್ಪಟ್ಟಾಗುತ್ತದೆ. ತರಗತಿಯಲ್ಲಿ ಹೆಚ್ಚಿನವರು ಮರೆಯುತ್ತಿದ್ದರು, ನಾನು ಮರೆಯುತ್ತಿರಲಿಲ್ಲ. ಆ ಲೆಕ್ಕಗಳಲ್ಲಿ ನನಗೆ ಹಿಡಿಸಿದ್ದು ಒಂದೇ ಗುಣ: ಅಲ್ಲಿ ಯಾವುದೂ ಸುಮ್ಮನೆ ಕಾಣೆಯಾಗುವಂತಿಲ್ಲ. ಆಮ್ಲ ಕಡಿಮೆಯಾಗಿದ್ದರೆ ಅದನ್ನು ಯಾವುದೋ ಕ್ಷಾರ ಮುಗಿಸಿರಲೇಬೇಕು.

ಹಾಸ್ಟೆಲಿನಲ್ಲಿ ಇಂಥ ಮಾತಿಗೆ ಜೊತೆ ಇರಲಿಲ್ಲ. ಲ್ಯಾಬಿನ ಮೇಜಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದವಳು ಮುಳ್ಳೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಗೆಳತಿ. ಒಮ್ಮೆ ಅವಳಿಗೆ ಒಂದು ಲೆಕ್ಕದ ಚಂದವನ್ನು ವಿವರಿಸಲು ಹೋದೆ. ಪೂರ್ತಿ ಕೇಳಿ, "ನಿಂಗೆ ಜ್ವರ ಗಿರ ಏನಾರಾ ಬಂದದಾ, ಲೇ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು. ನಕ್ಕೆವು. ಆಮೇಲೆ ನಾನು ಯಾರಿಗೂ ವಿವರಿಸಲು ಹೋಗಲಿಲ್ಲ.

ಸೆಮಿಸ್ಟರಿನ ಕೊನೆಗೆ ಪ್ರಾಯೋಗಿಕ ಪರೀಕ್ಷೆ ಬಂತು. ಅದರಲ್ಲಿ ಫೇಲಾದರೆ ಮುಂದಿನ ವರ್ಷ ಕಿರಿಯರ ಜೊತೆ ನಿಂತು ಮತ್ತೆ ಬರೆಯಬೇಕು. ಅಂಕಪಟ್ಟಿಯಲ್ಲಿ ಆ ಗುರುತು ಉಳಿದರೆ ಮೈಸೂರಿನಲ್ಲಿ ಎಂ.ಎಸ್ಸಿ. ಓದುವ ನನ್ನ ಆಸೆ ಅಲ್ಲಿಗೆ ಮುಗಿದಂತೆ. ಚೀಟಿ ಎತ್ತಿದಾಗ ನಮ್ಮ ತಂಡಕ್ಕೆ ಬಂದದ್ದು ಅದೇ ಮೂರನೆಯ ಸಾಲಿನ ಪ್ರಯೋಗ. ಪ್ರತಿಯೊಬ್ಬರ ಫ್ಲಾಸ್ಕಿನಲ್ಲಿ ಹತ್ತು ಎಂ.ಎಲ್. ಆಮ್ಲ ಇಟ್ಟಿದ್ದರು. ಅದನ್ನು ಡಿಸ್ಟಿಲ್ಡ್ ವಾಟರಿನಿಂದ ನೂರರ ಗುರುತಿನವರೆಗೆ ತುಂಬಿಸಿ, ಬ್ಯೂರೆಟ್ಟಿಗೆ ಹಾಕಿ, ಇಪ್ಪತ್ತು ಎಂ.ಎಲ್. ಕ್ಷಾರದೊಳಕ್ಕೆ ಹನಿಹನಿಯಾಗಿ ಬಿಡಬೇಕು. ಸೂಚಕವಾಗಿ ಹಾಕಿದ ಮಿಥೈಲ್ ಆರೆಂಜಿನ ಹಳದಿ ಕಿತ್ತಳೆಗೆ ತಿರುಗಿದ ಕ್ಷಣ ನಲ್ಲಿ ಮುಚ್ಚಿ, ಎಷ್ಟು ಆಮ್ಲ ಇಳಿಯಿತೆಂದು ಓದಬೇಕು.

ಲ್ಯಾಬಿನ ಅಟೆಂಡರ್ ಒಬ್ಬರು ಹೆಂಗಸು, ವಯಸ್ಸು ಐವತ್ತರ ಹತ್ತಿರ. ಗಂಡ ತೀರಿಕೊಂಡ ಮೇಲೆ ಅವರ ಕೆಲಸ ಇವರಿಗೆ ಬಂದಿತ್ತು. ಯಳಂದೂರಿನ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ನಮಗೆಲ್ಲ ಅವರು ಅಕ್ಕ. ಪರೀಕ್ಷೆ ಶುರುವಾಗಿ ಕಾಲು ಗಂಟೆಗೆ ಅಕ್ಕ ಖಾಲಿ ಬೀಕರೊಂದನ್ನು ಹಿಡಿದು ಮೇಜಿನಿಂದ ಮೇಜಿಗೆ ನಡೆಯತೊಡಗಿದರು. ತುಟಿ ಅಲುಗದಂತೆ, "ಇಪ್ಪತ್ತು ಬರ್ಕಳಿ, ಇಪ್ಪತ್ತು" ಎನ್ನುತ್ತ ಹೋದರು. ಪರೀಕ್ಷಕರಿಬ್ಬರೂ ಕಿಟಕಿಯ ಬಳಿ ಕಾಫಿ ಕುಡಿಯುತ್ತ ಬೀದಿ ನೋಡುತ್ತಿದ್ದರು.

ಆ ದಿನ ನನ್ನ ಪಾಲಿಗೆ ಸೋರದ ಬ್ಯೂರೆಟ್ ಸಿಕ್ಕಿತ್ತು. ಇಡೀ ಸೆಮಿಸ್ಟರಿನಲ್ಲಿ ಮೊದಲ ಬಾರಿಗೆ ಒಂದು ಪ್ರಯೋಗವನ್ನು ತುದಿ ಮುಟ್ಟಿಸುವ ಅವಕಾಶ. ಹನಿ ಬಿಟ್ಟೆ. ಇಪ್ಪತ್ತಕ್ಕೆ ಬಂದಾಗ ಬಣ್ಣ ಬದಲಾಗಲಿಲ್ಲ. ಇಪ್ಪತ್ತೊಂದಕ್ಕೂ ಹಳದಿಯೇ. ಇಪ್ಪತ್ತೊಂದು ಪಾಯಿಂಟ್ ಆರಕ್ಕೆ ಒಂದು ಹನಿ ಬಿದ್ದು, ಕಿತ್ತಳೆ ಹರಡಿ ನಿಂತಿತು. ಕೈ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಮತ್ತೆ 21.6. ಮೂರನೆಯ ಸಲವೂ ಅದೇ.

ಅಕ್ಕ ನನ್ನ ಮೇಜಿಗೆ ಬಂದರು. "ಇಪ್ಪತ್ತು ಕಣವ್ವ."

"ಇಪ್ಪತ್ತೊಂದೂವರೆ ದಾಟ್ತಾ ಅದೆ, ಅಕ್ಕ."

"ಅದು ಏನಾರಾ ದಾಟ್ಕಳ್ಳಿ. ನೀನು ಇಪ್ಪತ್ತು ಬರ್ಕ."

ಪಕ್ಕದಿಂದ ಮುಳ್ಳೂರಿನ ಗೆಳತಿ ಮೊಣಕೈಯಲ್ಲಿ ತಿವಿದಳು. ಅವಳ ಬ್ಯೂರೆಟ್ಟಿನಲ್ಲಿ ಆಮ್ಲ ಇನ್ನೂ ಸೊನ್ನೆಯಲ್ಲೇ ಇತ್ತು. ಹಾಳೆಯಲ್ಲಿ ಮಾತ್ರ ಮೂರೂ ಇಪ್ಪತ್ತುಗಳು ಬಂದಾಗಿತ್ತು. ನಾನು ಪೆನ್ನು ಹಿಡಿದೆ. ಆ ತನಕ ಬರೆದ ಇಪ್ಪತ್ತುಗಳು ನಾನು ನೋಡದೆ ಬರೆದವು. ಇದನ್ನು ನೋಡಿದ್ದೆ. ನೋಡಿದ ಮೇಲೆ ಕೈ ಬಗ್ಗಲಿಲ್ಲ. 21.6, 21.6, 21.6 ಎಂದು ಬರೆದೆ. ಕೆಳಗೆ ಲೆಕ್ಕ ಮಾಡಿದೆ: ಆಮ್ಲದ ಸಾಂದ್ರತೆ 0.1 ಇರಬೇಕಾದಲ್ಲಿ 0.0926.

ಮೌಖಿಕ ಪರೀಕ್ಷೆಗೆ ಕರೆದಾಗ ಹೊರಗಿನಿಂದ ಬಂದಿದ್ದ ಪರೀಕ್ಷಕರ ಮುಂದೆ ನನ್ನ ಉತ್ತರಪತ್ರಿಕೆ ತೆರೆದಿತ್ತು. 21.6ರ ಸುತ್ತ ಕೆಂಪು ವೃತ್ತ.

"ಏನಮ್ಮ, ಎಲ್ಲರಿಗೂ ಇಪ್ಪತ್ತು ಬಂದಿದೆ. ನಿನಗೊಬ್ಬಳಿಗೆ ಬೇರೆ ಆಮ್ಲ ಕೊಟ್ಟರೇನು?"

"ಬಂದಿದ್ದನ್ನ ಬರೆದಿದೀನಿ ಸಾರ್."

"ಬಂದಿದ್ದನ್ನ ಬರೆಯೋದಲ್ಲಮ್ಮ, ಬರಬೇಕಾದ್ದನ್ನ ಬರೀಬೇಕು." ಪಕ್ಕದಲ್ಲಿದ್ದ ನಮ್ಮ ವಿಭಾಗದ ಮುಖ್ಯಸ್ಥರು ನಕ್ಕರು. ಅಂಕ ಹಾಕಿದ್ದು ನನ್ನ ಕಣ್ಣೆದುರಿಗೇ. ಪ್ರಯೋಗಕ್ಕೆ ಹದಿನೈದಕ್ಕೆ ಮೂರು. ರೆಕಾರ್ಡಿನ ಅಂಕಗಳು ಸೇರಿದರೆ ಹೇಗೋ ಅಂಚಿನಲ್ಲಿ ಪಾಸಾಗಬಹುದಿತ್ತು.

ರಜೆಗೆ ಊರಿಗೆ ಹೋದೆ. ಅಂಕ ಹೋದದ್ದಕ್ಕಿಂತ, ತಪ್ಪು ಎಲ್ಲಿ ಆಯಿತೆಂದು ತಿಳಿಯದಿದ್ದದ್ದು ನನ್ನನ್ನು ಹಿಂಡುತ್ತಿತ್ತು. ಒಂದು ಬೆಳಿಗ್ಗೆ ಅಮ್ಮ ಹೊಲಕ್ಕೆ ಹೋಗುತ್ತ ಬೇಳೆಗೆ ಇಡಲು ಹೇಳಿದ್ದರು. ಹೊಳೆ ನೀರಿನ ನಲ್ಲಿ ಆ ದಿನ ಬಂದಿರಲಿಲ್ಲ. ಬೋರ್‌ವೆಲ್ಲಿನ ಕೊಡದಿಂದ ಸುರಿದು ಒಲೆಯ ಮೇಲಿಟ್ಟು, ಟಿಕೆಟ್ಟಿನ ಹಿಂದೆ ಅದೇ ಲೆಕ್ಕ ಮಾಡುತ್ತ ಕುಳಿತೆ. ಅಮ್ಮ ಹಿಂದಿರುಗಿದಾಗ ಬೇಳೆ ಕಲ್ಲಿನಂತಿತ್ತು.

"ಬೋರ್ ನೀರಲ್ಲಿ ಮಡಗ್ಬುಟ್ಟಾ? ಅದ್ರಲ್ಲಿ ಬೇಳೆ ಬೇಯ್ತದಾ? ಕಾಲೇಜಲ್ಲಿ ಇದೇನಾ ಯೇಳ್ಕೊಡದು?"

ಅಮ್ಮನ ಬೈಗುಳದ ನಡುವೆಯೇ ನನಗೆ ಲ್ಯಾಬಿನ ಮೂಲೆಯಲ್ಲಿದ್ದ ನೀಲಿ ಕ್ಯಾನು ನೆನಪಾಯಿತು. ಮೇಲೆ ‘ಡಿಸ್ಟಿಲ್ಡ್ ವಾಟರ್’ ಎಂಬ ಚೀಟಿ. ಬಾಯಿಯ ಸುತ್ತ ಬಿಳಿಯ ಪೊರೆ, ನಮ್ಮ ಮನೆಯ ಕೊಡದ ಕಂಠಕ್ಕೆ ಕಟ್ಟಿದಂಥದ್ದೇ. ಭಟ್ಟಿ ಇಳಿಸಿದ ನೀರು ಪೊರೆ ಕಟ್ಟುವುದಿಲ್ಲ. ಬೋರ್ ನೀರಿನಲ್ಲಿ ಕರಗಿರುವ ಬೈಕಾರ್ಬನೇಟೆಂಬ ಕ್ಷಾರಗುಣದ ಲವಣ ಆಮ್ಲ ಸಿಕ್ಕಿದಲ್ಲಿ ಅದನ್ನು ಮುಗಿಸುತ್ತದೆ. ನನ್ನ ಲೆಕ್ಕದಲ್ಲಿ ಕಾಣೆಯಾಗಿದ್ದ ಆಮ್ಲ ನೀರಿನೊಳಗೇ ತಟಸ್ಥವಾಗಿತ್ತು; ಬ್ಯೂರೆಟ್ಟಿಗೆ ಬರುವ ಮೊದಲೇ ಅದರ ಕೆಲಸ ಮುಗಿದಿತ್ತು.

ಇದು ಊಹೆ. ಊಹೆಯನ್ನು ಹಿಡಿದು ಯಾರ ಬಾಗಿಲು ತಟ್ಟುವಂತಿರಲಿಲ್ಲ. ಕೊಳ್ಳೇಗಾಲಕ್ಕೆ ಮರಳಿದ ದಿನ ಬಸ್ ನಿಲ್ದಾಣದ ಬಳಿಯ ಬ್ಯಾಟರಿ ಅಂಗಡಿಯಲ್ಲಿ ಒಂದು ಬಾಟಲಿ ಬ್ಯಾಟರಿ ನೀರು ಕೊಂಡೆ. ಲಾರಿ ಬ್ಯಾಟರಿಗೆ ಹಾಕುವ ಆ ನೀರು ನಮ್ಮ ಪ್ರಯೋಗಾಲಯದ ನೀರಿಗಿಂತ ಶುದ್ಧವಿತ್ತು. ಲ್ಯಾಬಿಗೆ ಹೋಗಿ ಅಕ್ಕನನ್ನು ಬೇಡಿದೆ.

"ಸಾ ಊಟಕ್ಕೋಗವ್ರೆ. ಬರಗಂಟ ಮುಗುಸ್ಕ. ಏನಾರಾ ಒಡೆದಾಕಿದ್ರೆ ನಂಗೆ ಗೊತ್ತಿಲ್ಲ" ಎಂದು ಮುಖ್ಯಸ್ಥರ ಕೋಣೆಯತ್ತ ಒಮ್ಮೆ ನೋಡಿ, ಬಾಗಿಲು ಎಳೆದುಕೊಂಡು ಹೋದರು.

ಹತ್ತು ಎಂ.ಎಲ್. ಆಮ್ಲಕ್ಕೆ ಬ್ಯಾಟರಿ ನೀರು ಸೇರಿಸಿ ನೂರಕ್ಕೆ ತುಂಬಿಸಿದೆ. ಪರೀಕ್ಷೆಯಲ್ಲಿ ಮಾಡಿದಂತೆಯೇ ಕ್ಷಾರಕ್ಕೆ ಹನಿಹನಿಯಾಗಿ ಬಿಟ್ಟು ಟೈಟ್ರೇಷನ್ ಮಾಡಿದೆ. ಸರಿಯಾಗಿ 20.0. ಹಾಳೆಯ ಅಂಕಿ ಒಂದು ಕಾಲಕ್ಕೆ ನಿಜವಾಗಿತ್ತು. ಆಮೇಲೆ ನೀಲಿ ಕ್ಯಾನಿನಿಂದ ತೊಂಬತ್ತು ಎಂ.ಎಲ್. ನೀರನ್ನಷ್ಟೇ ಅಳೆದು, ಸೂಚಕ ಹಾಕಿ, ಅದರೊಳಕ್ಕೆ ಬ್ಯೂರೆಟ್ಟಿನಲ್ಲಿದ್ದ ಅದೇ 0.1ರ ಆಮ್ಲ ಬಿಟ್ಟೆ. ಶುದ್ಧ ನೀರಾಗಿದ್ದರೆ ಒಂದೆರಡು ಹನಿಗೆ ಬಣ್ಣ ತಿರುಗಬೇಕು. ಏಳು ಪಾಯಿಂಟ್ ನಾಲ್ಕು ಎಂ.ಎಲ್. ಇಳಿದ ಮೇಲೆ ತಿರುಗಿತು. ಪರೀಕ್ಷೆಯ ದಿನ 0.1ರ ಬದಲು 0.0926 ಬಂದಾಗ ನೂರು ಎಂ.ಎಲ್.ನಲ್ಲಿ ಕೊರತೆಯಾಗಿದ್ದ ಆಮ್ಲ ಎಷ್ಟೆಂದು ಟಿಕೆಟ್ಟಿನ ಹಿಂದೆ ಬರೆದುಕೊಂಡಿದ್ದೆ. ಏಳು ಪಾಯಿಂಟ್ ನಾಲ್ಕು.

ಖಾಲಿ ಲ್ಯಾಬಿನಲ್ಲಿ ನಾನು ಜೋರಾಗಿ ಕಿರುಚಿರಬೇಕು. ಅಕ್ಕ ಓಡಿ ಬಂದರು. "ಏನಾಯ್ತವ್ವ, ಆಸಿಡ್ ಬಿತ್ತಾ?"

"ಅಕ್ಕ, ಈ ಕ್ಯಾನಿಗೆ ನೀರು ಎಲ್ಲಿಂದ ತುಂಬ್ತೀರಾ?"

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ವರಾಂಡದ ಬೋರ್ ನಲ್ಲಿಯಿಂದ. ಇನ್ನೆಲ್ಲಿಂದ ತರ್ಲಿ? ನೀರು ಇಳ್ಸೋ ಮಿಷನ್ನು ಕಾಯಿಲ್ ಸುಟ್ಟೋಗಿ ಮೂರ್ ವರ್ಸಾಯ್ತು. ಸಾಗೆ ಯೇಳ್ದೆ, ಆಯ್ತು ಅಂದ್ರು. ಆರ್ ತಿಂಗ್ಳು ಬುಟ್ಟು ಯೇಳ್ದೆ, ಆಗ್ಲೂ ಆಯ್ತು ಅಂದ್ರು. ಆಮೇಲೆ ನಾನೇ ಬುಟ್ಬುಟ್ಟೆ. ಇಪ್ಪತ್ತು ಎಂಗೂ ಹಾಳೇಲೇ ಅದಲ್ಲ."

ಆ ಸಂಜೆ ಪ್ರಾಂಶುಪಾಲರ ಹೆಸರಿಗೆ ಪತ್ರ ಬರೆದೆ. ನನ್ನ ಉತ್ತರಪತ್ರಿಕೆಯನ್ನು ಮತ್ತೆ ನೋಡಬೇಕು. ಮೂರು ವರ್ಷ ಬೋರ್ ನೀರನ್ನು ಡಿಸ್ಟಿಲ್ಡ್ ವಾಟರ್ ಎಂದು ಕೊಟ್ಟದ್ದಕ್ಕೆ ಯಾರು ಹೊಣೆ ಎಂದು ಲಿಖಿತವಾಗಿ ತಿಳಿಸಬೇಕು. ನನ್ನ ಪ್ರಯೋಗದ ಅಂಕಿಗಳನ್ನೂ ಲಗತ್ತಿಸಿದೆ. ತರಗತಿಯವರ ಸಹಿ ಕೇಳಿದೆ. ಒಬ್ಬರೂ ಹಾಕಲಿಲ್ಲ.

ಮೂರನೆಯ ದಿನ ಮುಖ್ಯಸ್ಥರು ತಮ್ಮ ಕೋಣೆಗೆ ಕರೆಸಿದರು. ನನ್ನ ಪತ್ರ ಮೇಜಿನ ಮೇಲಿತ್ತು. ಅದರ ಪಕ್ಕ ನನ್ನ ರೆಕಾರ್ಡ್ ಪುಸ್ತಕ. ಅವರು ಕೋಪಗೊಂಡಿರಲಿಲ್ಲ. ಪುಟ ತಿರುಗಿಸಿ, ಬೆರಳಿಟ್ಟು ಕೇಳಿದರು.

"ಇದು ಯಾರ ಅಕ್ಷರಮ್ಮ?"

20.0, 20.0, 20.0. ಎರಡು ತಿಂಗಳ ಹಿಂದಿನ ನನ್ನ ದುಂಡು ಅಕ್ಷರ.

"ನನ್ನದೇ ಸಾರ್."

"ಆವತ್ತೂ ಇದೇ ನೀರು. ಆವತ್ತು ನಿನಗೆ ಇಪ್ಪತ್ತು ಹೇಗೆ ಬಂತು?"

 ಅವರು ಪತ್ರವನ್ನು ನನ್ನ ಕಡೆ ಸರಿಸಿದರು. "ಯಾರು ಹೊಣೆ ಅಂತ ಕೇಳಿದ್ದೀಯ. ಕ್ಯಾನಿಗೆ ನೀರು ತುಂಬೋದು ಅಟೆಂಡರ್. ಈ ಪತ್ರ ಮುಂದೆ ಹೋದರೆ ಮೆಮೋ ಬರೋದು ಅವರಿಗೆ. ಗಂಡ ಸತ್ತ ಹೆಂಗಸು, ಯೋಚನೆ ಮಾಡು. ಪತ್ರ ವಾಪಸ್ ತಗೋ, ನಿನ್ನ ಅಂಕ ನಾನು ನೋಡ್ಕೋತೀನಿ."

ಅಂಥ ಮಾತಿನ ಜಾಣತನ ಆ ವಯಸ್ಸಿನಲ್ಲಿ ನನಗೆ ಪೂರ್ತಿ ಅರ್ಥವಾಗಲಿಲ್ಲ. ಈಗ ಆಗುತ್ತದೆ. ಎರಡು ಸಲ ‘ಆಯ್ತು’ ಎಂದು ಸುಮ್ಮನಾದವರು, ಈಗ ಅಕ್ಕನ ಬೆನ್ನ ಹಿಂದೆ ನಿಂತು ಕರುಣೆಯ ಮಾತಾಡುತ್ತಿದ್ದರು. ನಾನು ಎದ್ದು ಪತ್ರ ತೆಗೆದುಕೊಂಡೆ. ಅವರು ಸಮಾಧಾನದಿಂದ ತಲೆಯಾಡಿಸಿದರು.

ಹಾಸ್ಟೆಲಿನ ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಕುಳಿತು ಮಧ್ಯಾಹ್ನವಿಡೀ ಕಳೆದೆ. ಪತ್ರ ಹರಿದರೆ ಪಾಸಾಗುತ್ತಿದ್ದೆ, ಅಕ್ಕ ಉಳಿಯುತ್ತಿದ್ದರು, ತರಗತಿಯವರು ಮಾತಾಡುತ್ತಿದ್ದರು. ಸುಳ್ಳಾಗುತ್ತಿದ್ದದ್ದು ಬ್ಯೂರೆಟ್ಟಿನ ಒಂದು ಗೆರೆ ಮಾತ್ರ. ಆ ಗೆರೆಯನ್ನು ನಾನಲ್ಲದೆ ಇನ್ನಾರೂ ನೋಡಿರಲಿಲ್ಲ. ನಾನು ಬಿಟ್ಟುಕೊಟ್ಟರೆ ಅದು ಎಂದೂ ಇರಲೇ ಇಲ್ಲವೆಂದಾಗುತ್ತಿತ್ತು.

ಹೊಸ ಪತ್ರ ಬರೆದೆ. ಮೊದಲ ಸಾಲು ನನ್ನ ಬಗ್ಗೆ: ನನ್ನ ರೆಕಾರ್ಡಿನ ಅಂಕಿಗಳು ಬೀರುವಿನ ಹಾಳೆಯಿಂದ ನಕಲು ಮಾಡಿದವು, ಅವುಗಳಿಗೆ ಕೊಟ್ಟ ಅಂಕಗಳನ್ನು ರದ್ದುಮಾಡಬೇಕು. ಎರಡನೆಯದು: ಯಂತ್ರ ಕೆಟ್ಟದ್ದನ್ನು ಅಟೆಂಡರ್ ಎರಡು ಬಾರಿ ತಿಳಿಸಿದ್ದಾರೆ, ತಿಳಿಸಿದ್ದನ್ನು ಕೇಳಿಸಿಕೊಂಡವರು ಉತ್ತರಿಸಬೇಕು. ಕಚೇರಿಯಲ್ಲಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಂಡೆ.

ನನ್ನ ಒಂದು ಬೇಡಿಕೆ ಮಾತ್ರ ತಕ್ಷಣ ಈಡೇರಿತು. ರೆಕಾರ್ಡಿನ ಅಂಕಗಳು ರದ್ದಾದವು. ಪ್ರಾಯೋಗಿಕದಲ್ಲಿ ಫೇಲಾದೆ.

ಎಲ್ಲರ ರೆಕಾರ್ಡುಗಳನ್ನೂ ಕೇಳುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಕೇಳಲಿಲ್ಲ, ಆದರೆ ಸುದ್ದಿಯೇ ಸಾಕಾಯಿತು. ಕಾರಿಡಾರಿನಲ್ಲಿ ನಾನು ಬಂದರೆ ಗುಂಪು ಸರಿಯುತ್ತಿತ್ತು. ಊಟದ ಸಾಲಿನಲ್ಲಿ ನನ್ನ ಮುಂದೊಬ್ಬರ ಜಾಗ, ಹಿಂದೊಬ್ಬರ ಜಾಗ ಖಾಲಿ ಇರುತ್ತಿತ್ತು. ಮುಳ್ಳೂರಿನ ಗೆಳತಿ ಕೊನೆಯ ಸಲ ಮಾತಾಡಿದ್ದು ಬಸ್ಸು ಹತ್ತುವಾಗ: "ನೀನೊಬ್ಳು ಸತ್ಯವಂತೆ, ನಾವೆಲ್ಲ ಕಳ್ರು, ಅಲ್ವಾ? ಓಗು, ಆ ಬ್ಯೂರೆಟ್ ಜೊತೆಗೇ ಮಾತಾಡ್ಕ ಓಗು." ಬಸ್ಸು ಹೊರಟ ಮೇಲೂ ನಾನು ಬಹಳ ಹೊತ್ತು ನಿಲ್ದಾಣದಲ್ಲೇ ನಿಂತಿದ್ದೆ, ನನ್ನದಲ್ಲದ ಬಸ್ಸುಗಳು ಬಂದು ಹೋಗುವುದನ್ನು ನೋಡುತ್ತ. ಅವಳು ಕೇಳಿದ್ದರಲ್ಲಿ ನ್ಯಾಯವಿತ್ತು. ನನ್ನ ರೆಕಾರ್ಡನ್ನೂ ಅವಳ ರೆಕಾರ್ಡನ್ನೂ ಪಕ್ಕಪಕ್ಕ ಇಟ್ಟರೆ ಒಂದೂ ವ್ಯತ್ಯಾಸ ಸಿಗುತ್ತಿರಲಿಲ್ಲ.

ಅಕ್ಕನಿಗೆ ಮೆಮೋ ಬಂತು. ಪತ್ರದಲ್ಲಿ ನಾನು ಏನೇ ಬರೆದಿದ್ದರೂ ಕಾಗದ ಕೆಳಕ್ಕೇ ಹರಿಯಿತು. ಕ್ಷಮೆ ಕೇಳಲು ಹೋದೆ. ಅವರು ಟೆಸ್ಟ್‌ಟ್ಯೂಬ್ ತೊಳೆಯುತ್ತಿದ್ದರು, ತಿರುಗಲಿಲ್ಲ.

"ಒಳ್ಳೇದ್ ಮಾಡಕ್ಕೋದ್ಯೋ, ಕೆಟ್ಟದ್ ಮಾಡಕ್ಕೋದ್ಯೋ ನಂಗೊತ್ತಿಲ್ಲ ಕಣವ್ವ. ಆಚೆ ಕುಂತೋರ್ ಕೈಲಿ ಪೆನ್ನಿತ್ತು, ನನ್ ಕೈಲಿ ಕ್ಯಾನಿತ್ತು. ಮೆಮೋ ಯಾರಿಗ್ ಬತ್ತದೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ಮುಖ್ಯಸ್ಥರೇ ಹೇಳಿದ್ದರು. ಗೊತ್ತಿದ್ದೂ ಕೊಟ್ಟೆ. ಆ ಪತ್ರದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಅಕ್ಕನಿಗೆ ಬಂದ ಮೆಮೋದ ಭಾರವೂ ಇಂದಿಗೂ ಇಳಿದಿಲ್ಲ. ಎರಡೂ ಒಟ್ಟಿಗೇ ನನ್ನಲ್ಲಿ ಉಳಿದಿವೆ.

ಮರುವರ್ಷ ಕಿರಿಯರ ಜೊತೆ ಮತ್ತೆ ಪರೀಕ್ಷೆಗೆ ನಿಂತೆ. ಯಂತ್ರ ರಿಪೇರಿಯಾಗಿರಲಿಲ್ಲ. ನೀಲಿ ಕ್ಯಾನು ಅದೇ ಮೂಲೆಯಲ್ಲಿ, ಅದೇ ಚೀಟಿಯೊಂದಿಗೆ ಇತ್ತು. ಬೀರುವಿನ ಬಾಗಿಲು ಅರೆ ತೆರೆದಿತ್ತು. ಹೋಗುತ್ತ ಒಳಗೆ ನೋಡಿದೆ. ಮೂರನೆಯ ಸಾಲಿನಲ್ಲಿ 20.0 ಅನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸ ಶಾಯಿಯಲ್ಲಿ 21.6 ಎಂದು ಬರೆದಿದ್ದರು.

ನನ್ನ ಪತ್ರಕ್ಕೆ ಆ ಸಂಸ್ಥೆ ಕೊಟ್ಟ ಉತ್ತರ ಅದೊಂದೇ.

ಚೀಟಿಯಲ್ಲಿ ಮತ್ತೆ ಆಮ್ಲದ ಪ್ರಯೋಗವೇ ಬಂತು. ಅಕ್ಕ ಖಾಲಿ ಬೀಕರು ಹಿಡಿದು ಹೊರಟರು. "ಇಪ್ಪತ್ತೊಂದು ಪಾಯಿಂಟ್ ಆರು ಬರ್ಕಳಿ, ಇಪ್ಪತ್ತೊಂದು ಪಾಯಿಂಟ್ ಆರು." ಕಿರಿಯರ ಪೆನ್ನುಗಳು ಸರಸರನೆ ಓಡಿದವು. ಒಂದು ವರ್ಷ ಒಬ್ಬಳೇ ಹೊತ್ತ ಅಂಕಿ ನಲವತ್ತು ಹಾಳೆಗಳ ಮೇಲೆ ಮೂರು ಮೂರು ಸಲ ಇಳಿಯುವುದನ್ನು ನಿಂತು ಕೇಳಿದೆ. ನಾನೂ ಅದನ್ನೇ ಬರೆಯಬಹುದಿತ್ತು. ಅದು ನನ್ನದೇ ಅಂಕಿ.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಬೋರಿನ ನೀರಿನ ಗಡಸು ಸ್ವಲ್ಪ ತಗ್ಗಿತ್ತೋ ಏನೋ. ಹನಿ ಬಿಟ್ಟೆ. ಇಪ್ಪತ್ತೊಂದು ಪಾಯಿಂಟ್ ಒಂದಕ್ಕೆ ಕಿತ್ತಳೆ ಬಣ್ಣ ಬಂದು ನಿಂತಿತು. ಎರಡನೆಯ ಸಲವೂ ಅಷ್ಟೇ. ಅದನ್ನೇ ಬರೆದೆ.

ಅಕ್ಕ ನನ್ನ ಮೇಜಿಗೆ ಬಂದು ಹಾಳೆ ನೋಡಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಪರೀಕ್ಷಕರ ಕಡೆಗೊಮ್ಮೆ ಕಣ್ಣು ಹಾಯಿಸಿ, ತಗ್ಗಿದ ದನಿಯಲ್ಲಿ ಕೇಳಿದರು.

"ಇದ್ರಲ್ಲಿ ಎಲ್ ನೋಡ್ಬೇಕವ್ವ? ಇಷ್ಟ್ ವರ್ಸ ತೊಳ್ದಿವ್ನಿ, ನಂಗ್ಯಾರೂ ಯೇಳ್ಕೊಟ್ಟಿಲ್ಲ."

ಕೊಳವೆಯೊಳಗಿನ ದ್ರವದ ಮೇಲ್ಮೈ ಬಟ್ಟಲಿನಂತೆ ತಗ್ಗಿರುತ್ತದೆ, ಆ ತಗ್ಗಿನ ತಳ ಯಾವ ಗೆರೆಗೆ ತಾಗುತ್ತದೋ ಅದನ್ನು ಓದಬೇಕು ಎಂದು ತೋರಿಸಿದೆ. ಅಕ್ಕ ಸೆರಗು ಬಿಗಿದು ಬಾಗಿದರು. ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದರು. ಎಣಿಸಿದರು.

"ಇಪ್ಪತ್ತೊಂದು. ಅದ್ರ ಕೆಳ್ಗೆ ಒಂದ್ ಸಣ್ ಗೆರೆ."

"ಅಷ್ಟೇ ಅಕ್ಕ. ಇಪ್ಪತ್ತೊಂದು ಪಾಯಿಂಟ್ ಒಂದು."

"ಊ ಕಣವ್ವ. ನಂಗೂ ಅಂಗೇ ಕಾಣ್ತದೆ."

ನೆಟ್ಟಗಾಗಿ, ಸೊಂಟ ಹಿಡಿದುಕೊಂಡು, ಅಕ್ಕ ಬೀಕರು ಎತ್ತಿಕೊಂಡರು. ಮುಂದಿನ ಮೇಜಿನ ಬಳಿ ನಿಂತು, ತುಟಿ ಅಲುಗದಂತೆ, "ಇಪ್ಪತ್ತೊಂದು ಪಾಯಿಂಟ್ ಆರು ಬರ್ಕಳಿ" ಎಂದರು. ನಾನು ಮೂರನೆಯ ಸಲಕ್ಕೆ ಬ್ಯೂರೆಟ್ ತುಂಬಿಸಿದೆ.